ಬಿದ್ದವನು ಹೊರಗೆ

ಈ ರಾದ್ಧಾಂತಕ್ಕೆಲ್ಲ ಮೂಲ ಹಾಲಿಸ್‌ನ ಬೆನ್ನುನೋವು. ಆ ನೋವು ಬರುತ್ತಿದ್ದುದು ಶನಿವಾರ ಮಾತ್ರ. ಅದೂ ಕಾಲೇಜು ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ, ಇರುವ ಶನಿವಾರ, ಅದೂ ಪಿಕಪ್ ಗಾಡಿಯಿಂದ ಡೇರೆ ಇಳಿಸುವ ಹೊತ್ತಿಗೆ ಸರಿಯಾಗಿ. ಡೇರೆ ಎದ್ದು, ಒಲೆ ಹೊತ್ತಿ, ಮಾಂಸದ ಘಮ ಹರಡಿತೋ ಇಲ್ಲವೋ, ಬಂದ ನೋವು ಹೇಳದೆ ಕೇಳದೆ ಹೊರಟುಹೋಗುತ್ತಿತ್ತು.

ಹಾಲಿಸ್‌ನ ಭಾವ ಡೆಲ್ಬರ್ಟ್ ಕ್ರೂಮ್ ಇದನ್ನು ವರ್ಷಗಟ್ಟಲೆ ಹಲ್ಲು ಕಚ್ಚಿ ಸಹಿಸಿದ್ದ. ಡೆಲ್ಬರ್ಟ್ ಕೂಪರ್ಸ್ ಬೆಂಡ್ ಊರಿನ ಡ್ರೈವಿಂಗ್ ಪರೀಕ್ಷಕ. ಕನ್ನಡಿ ನೋಡದೆ ಗಾಡಿ ಹೊರಡಿಸಿದವರು ಚರ್ಚಿನ ಪಾದ್ರಿಯಾದರೂ ಸರಿ, ಫೇಲ್ ಮಾಡಿ ಮನೆಗೆ ಕಳಿಸುವ ಆಸಾಮಿ. ಹಾಲಿಸ್‌ನನ್ನೂ ಎರಡು ಸಲ ಫೇಲ್ ಮಾಡಿದ್ದ. 'ನಿಯಮ ಅಂದ್ರೆ ನಿಯಮ' ಎನ್ನುವುದು ಅವನ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತಿತ್ತು. ಇಂಥವನಿಗೆ ಇಂಥ ಬಾಮೈದ ಸಿಕ್ಕಿದ್ದು ದೇವರ ಕುಚೋದ್ಯ ಎಂದು ಊರವರು ನಗುತ್ತಿದ್ದರು.

ಅಂದು ನವೆಂಬರಿನ ಕೊನೆಯ ಶನಿವಾರ. ಊರಿನ ಕಾಲೇಜಿನ ತಂಡ ನೀರುನಾಯಿಗಳಿಗೂ ನದಿಯ ಕೆಳದಂಡೆಯ ಕಾಲೇಜಿನ ಕೊಕ್ಕರೆಗಳಿಗೂ ಪಂದ್ಯ. ಕೊಕ್ಕರೆಗಳನ್ನು ಸೋಲಿಸಿ ಎಷ್ಟೋ ವರ್ಷವಾಗಿತ್ತು. ಹೋದ ವರ್ಷ ಗೆಲ್ಲಬೇಕಾಗಿತ್ತು. ನೀರುನಾಯಿಗಳ ಬಲವೆಲ್ಲ ವೇಗದಲ್ಲಿದೆ. ಚೆಂಡು ಹಿಡಿದು ಮುನ್ನುಗ್ಗುವ ಒಂದು ಸರದಿ ಮುಗಿಯಿತೋ, ಎದುರಾಳಿ ಉಸಿರು ತೆಗೆದುಕೊಳ್ಳುವ ಮುಂಚೆ ಇನ್ನೊಂದು ಶುರು. ಅವರು ಹಾಗೆ ಓಟ ಹಿಡಿದಾಗಲೆಲ್ಲ ಕೊಕ್ಕರೆಗಳಲ್ಲೊಬ್ಬ ಮಂಡಿ ಹಿಡಿದುಕೊಂಡು ನೆಲಕ್ಕೆ ಬೀಳುತ್ತಿದ್ದ. ಆಟಗಾರ ಬಿದ್ದರೆ ಆಟ ನಿಲ್ಲಲೇಬೇಕು. ಅವನನ್ನು ಎಬ್ಬಿಸಿ ಆಚೆ ಕರೆದೊಯ್ಯುವಷ್ಟರಲ್ಲಿ ಉಳಿದವರು ನೀರು ಕುಡಿದು ಸುಧಾರಿಸಿಕೊಳ್ಳುತ್ತಿದ್ದರು. ಬಿದ್ದವನು ಒಂದೇ ಒಂದು ಸರದಿ ಹೊರಗೆ ಕೂತು ಜಿಂಕೆಯ ಹಾಗೆ ಓಡಿ ಬರುತ್ತಿದ್ದ. ಆ ಮೇಲೆ ಡೆಲ್ಬರ್ಟ್ ತಿಂಗಳಾನುಗಟ್ಟಲೆ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಪಂದ್ಯದ ದಿನ ಊರವರೆಲ್ಲ ಸ್ಟೇಡಿಯಮ್ಮಿನ ಪಾರ್ಕಿಂಗ್ ಮೈದಾನದಲ್ಲಿ ಡೇರೆ ಹಾಕಿ ಅಡುಗೆ ಮಾಡಿ ಉಣ್ಣುವುದು ವಾಡಿಕೆ; ಅಲ್ಲಿನ ಓಕ್ ಮರದ ಕೆಳಗೆ ಇವರ ಗುಂಪಿನ ಜಾಗ. ಪಂದ್ಯದ ದಿನ ಬೆಳಿಗ್ಗೆ ಅಲ್ಲಿ 'ನಿಯಮ ಸಮಿತಿ' ಕೂರುತ್ತಿತ್ತು. ಅಧ್ಯಕ್ಷೆ ಮಿಸ್ ಅಗಸ್ಟಾ, ನಿವೃತ್ತ ಗಣಿತದ ಟೀಚರು, ಎಂಬತ್ತು ದಾಟಿದ ಕಡ್ಡಿಯಂಥ ಮುದುಕಿ. ಕೊರಳಲ್ಲಿ ಸದಾ ಒಂದು ವಿಸಿಲ್. ಅವರು ಊದಿದರೆ ಪಕ್ಕದ ಡೇರೆಯವರೂ ಬಾಯಿ ಮುಚ್ಚುತ್ತಿದ್ದರು. ಆಟದ ಯಾವ ನಿಯಮ ಬದಲಾಗಬೇಕು ಎಂದು ಪ್ರತಿಯೊಬ್ಬರೂ ವಾದ ಮಂಡಿಸಬೇಕು. ಗೆದ್ದ ವಾದವನ್ನು ವರ್ಷದ ಕೊನೆಗೆ ಆಟದ ನಿಯಮ ಮಾಡುವ ದೊಡ್ಡವರಿಗೆ ಬರೆದು ಕಳಿಸುತ್ತಿದ್ದರು. ದೊಡ್ಡವರು ಒಮ್ಮೆಯೂ ಉತ್ತರ ಬರೆದವರಲ್ಲ. ಆದರೂ ಇವರು ಬಿಟ್ಟವರಲ್ಲ. ತಮ್ಮ ಸ್ವಂತ ಮನೆಯ ಸೋರುವ ನಲ್ಲಿಯನ್ನು ಮರೆತಾರು, ಆಟದ ಒಂದು ಕೊರತೆಯನ್ನೂ ಮರೆಯರು. ಆ ಪ್ರೀತಿಗೆ ಯಾರಾದರೂ ತಲೆದೂಗಲೇಬೇಕು.

ಒಲೆಯ ಮುಂದೆ ಹಂದಿಯ ಪಕ್ಕೆಲುಬು ಮಗುಚುತ್ತಿದ್ದ ದಢೂತಿ ರಾಸ್ಕೋ ಮೊದಲು ಬಾಯಿ ತೆಗೆದ. "ಜಾಹೀರಾತಿಗೆ ಅಂತ ಆಟ ನಿಲ್ಸೋಕೆ ಕೆಂಪು ಟೋಪಿಯೋನು ಒಬ್ಬ ಮೈದಾನಕ್ಕೆ ಬರ್ತಾನಲ್ಲ, ಅವನನ್ನ ಅರ್ಧ ಆಟ ಆದ್ಮೇಲೆ ನನ್ನ ಹತ್ರ ಕಳಿಸ್ಬಿಡ್ಲಿ. ಇದ್ದಿಲಾದ್ರೂ ಹಾಕ್ತಾನೆ."

ಡೆಲ್ಬರ್ಟ್‌ನ ಹೆಂಡತಿ ನಾರೀನ್ ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಹೇಳಿದಳು: "ರೆಫರಿ ಟಿವಿ ನೋಡ್ಕೊಂಡು ತೀರ್ಮಾನ ಹೇಳ್ತಾನಲ್ಲ, ಅವನಿಗೆ ನಾನು ಒಂದು ಮುಷ್ಟಿ ಕಡಲೆಕಾಯಿ ತಿನ್ನೋಷ್ಟು ಹೊತ್ತು ಕೊಡಿ. ಅಷ್ಟರಲ್ಲಿ ಗೊತ್ತಾಗ್ಲಿಲ್ವಾ, ಮೊದ್ಲು ಹೇಳಿದ್ದೇ ಸರಿ."

ಹಾಲಿಸ್ ಮಡಚುಕುರ್ಚಿಯಲ್ಲಿ ಅಂಗಾತ ಒರಗಿದ್ದ. "ನಂದೊಂದಿದೆ. ಚೆಂಡು ಹಿಡ್ಕೊಂಡು ಓಡೋನು ತಾನಾಗೇ ಜಾರಿ ಮಂಡಿ ನೆಲಕ್ಕೆ ತಾಗಿದ್ರೆ ಸಾಕು, ಅವನ ಸರದಿ ಮುಗೀತು ಅಂತಾರೆ. ಯಾರೂ ಮುಟ್ಟಿರಲ್ಲ, ತಳ್ಳಿರಲ್ಲ. ದುಡ್ಡಿಗೆ ಆಡೋ ದೊಡ್ಡೋರ ಆಟದಲ್ಲಾದ್ರೆ ಎದ್ದು ಓಡಬಹುದು. ನಮ್ಮ ಹುಡುಗ್ರಿಗೂ ಎದ್ದು ಓಡೋಕೆ ಬಿಡ್ಬೇಕು. ಮನುಷ್ಯ ಅಂದ್ಮೇಲೆ ಬೀಳ್ತಾನಪ್ಪ."

"ಕೆಲವರು ಬಿದ್ದೇ ಇರ್ತಾರೆ" ಎಂದ ಡೆಲ್ಬರ್ಟ್, ಮಡಚುಕುರ್ಚಿಯನ್ನೇ ನೋಡುತ್ತ. ಆಮೇಲೆ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ತನ್ನ ನಿಯಮ ಮಂಡಿಸಿದ. "ಬಿದ್ದವನು ಹೊರಗೆ. ಅಷ್ಟೇ. ನೋವು ಅಂತ ಮಲಗಿದೆಯಾ, ಒಂದು ಸರದಿ ಅಲ್ಲ, ಆವತ್ತು ಪೂರ್ತಿ ಆಚೆ ಕೂತ್ಕೊ. ಆಗ ನೋಡೋಣ, ಎಷ್ಟು ಜನಕ್ಕೆ ಮಂಡಿ ನೋಯತ್ತೆ."

"ನಿಜವಾಗ್ಲೂ ನೋವಾದ್ರೆ?" ಎಂದಳು ನಾರೀನ್.

"ವಿನಾಯ್ತಿ ಕೊಟ್ರೆ ಎಲ್ಲರ ನೋವೂ ನಿಜಾನೇ. ನಿಯಮ ಅಂದ್ರೆ ನಿಯಮ. ಒಂದಕ್ಷರ ಆಚೀಚೆ ಆಗಬಾರದು."

ಕೈಗಳೆಲ್ಲ ಮೇಲೆದ್ದವು. ಮಿಸ್ ಅಗಸ್ಟಾ ವಿಸಿಲ್ ಊದಿದರು. "ಈ ಸಲ ಕಳಿಸೋ ಮುಂಚೆ ನಮ್ಮಲ್ಲೇ ಪರೀಕ್ಷೆ ಮಾಡೋಣ. ಈ ಕ್ಷಣದಿಂದ ಈ ಡೇರೆಯಲ್ಲಿ ಯಾರು ನೋವು ಅಂತ ಕೂತ್ರೂ ಅವರಿಗೆ ರಾಸ್ಕೋನ ತಟ್ಟೆ ಇಲ್ಲ, ಸ್ಟೇಡಿಯಮ್ಮಲ್ಲಿ ಸೀಟೂ ಇಲ್ಲ. ಅವರ ಟಿಕೆಟ್ಟು ಟಿಕೆಟ್ ಇಲ್ಲದವರಿಗೆ. ಎಲ್ಲರೂ ಒಪ್ಪದೆ ಇದನ್ನ ಬದಲಾಯಿಸೋ ಹಾಗಿಲ್ಲ."

ಗುಂಪಿನಲ್ಲಿ ಟಿಕೆಟ್ ಇಲ್ಲದವನು ಹಾಲಿಸ್ ಒಬ್ಬನೇ. ಪ್ರತಿ ಪಂದ್ಯವನ್ನೂ ಅವನು ಡೇರೆಯ ಟಿವಿಯಲ್ಲೇ ನೋಡುತ್ತಿದ್ದ. ತಟ್ಟೆ ಇಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೆಂಕಿ ತಾಗಿದವನ ಹಾಗೆ ಕುರ್ಚಿಯಿಂದ ಎದ್ದ. ಡೇರೆಯ ಹಗ್ಗ ಬಿಗಿದ, ಮೇಜು ಹೊತ್ತ, ಒಬ್ಬನೇ ಐಸ್ ಪೆಟ್ಟಿಗೆಯನ್ನೂ ಎತ್ತಿದ. ಡೆಲ್ಬರ್ಟ್ ಸೊಂಟದ ಮೇಲೆ ಕೈಯಿಟ್ಟು ತನ್ನ ನಿಯಮದ ಮಹಿಮೆಯನ್ನು ಕಣ್ತುಂಬ ನೋಡುತ್ತ ನಿಂತಿದ್ದ. ಆದರೆ ಹಾಲಿಸ್‌ಗೆ ದುಡಿದು ಅಭ್ಯಾಸವಿರಲಿಲ್ಲ. ಪೆಟ್ಟಿಗೆ ಕೈಜಾರಿ, ಐಸು ಸೋಡಾ ಸಮೇತ, ಡೆಲ್ಬರ್ಟ್‌ನ ಬಲಗಾಲ ಮೇಲೆ ಬಿತ್ತು.

ಡೆಲ್ಬರ್ಟ್‌ನ ಬಾಯಿ ತೆರೆಯಿತು. ಸದ್ದು ಗಂಟಲಲ್ಲೇ ನಿಂತಿತು. ಸ್ಟೇಡಿಯಮ್ಮಿನಲ್ಲಿದ್ದದ್ದು ಅವನ ಅಪ್ಪನ ಕಾಲದ ಸೀಟು. ಕೊಕ್ಕರೆಗಳ ಪಂದ್ಯವನ್ನು ಅವನು ಆ ಸೀಟಿನಿಂದ ಒಮ್ಮೆಯೂ ತಪ್ಪಿಸಿದವನಲ್ಲ. ಈಗ ಒಂದು 'ಅಯ್ಯೋ' ಅಂದರೆ ಅಲ್ಲಿ ಹಾಲಿಸ್ ಕೂರುತ್ತಾನೆ.

"ಭಾವ, ನೋವಾಯ್ತಾ?" ಹಾಲಿಸ್ ಮೆಲ್ಲಗೆ ಕೇಳಿದ.

"ನಂಗ್ಯಾಕೆ ನೋವಾಗತ್ತೆ" ಎಂದ ಡೆಲ್ಬರ್ಟ್. ಕಣ್ಣಲ್ಲಿ ನೀರು ತುಂಬಿತ್ತು. "ಹೊಗೆ. ಕಣ್ಣಿಗೆ ಹೊಗೆ ಹೋಯ್ತು."

ಅವನು ಕಂಬ ಹಿಡಿದು, ಬಲಗಾಲನ್ನು ಮೇಲಕ್ಕೆ ಮಡಚಿ ನಿಂತ. ಅದೇ ಸ್ವಲ್ಪ ಹಿತವೆನಿಸಿತು. ಆದರೆ ಮಿಸ್ ಅಗಸ್ಟಾ ಕಣ್ಣು ಅವನ ಮೇಲೆ ಬಿತ್ತು.

"ಡೆಲ್ಬರ್ಟ್, ಇವತ್ತಿನ ದಿನ ಕೊಕ್ಕರೆ ಥರ ಒಂಟಿ ಕಾಲಲ್ಲಿ ನಿಂತಿದ್ದೀಯಲ್ಲ. ಯಾವ ಕಡೆಯೋನು ನೀನು?"

"ಅವರನ್ನ ಅಣಕಿಸ್ತಿದ್ದೀನಿ, ಮಿಸ್ ಅಗಸ್ಟಾ. ನಿಂತಲ್ಲೇ ನಿಂತಿರ್ತಾರೆ ಅಂತ."

ರಾಸ್ಕೋಗೆ ಇದು ಭಾರಿ ಹಿಡಿಸಿತು. ಕೈಯಲ್ಲಿ ಇಕ್ಕಳ ಹಿಡಿದೇ ಒಂದು ಕಾಲೆತ್ತಿ ನಿಂತ. ಪಕ್ಕದ ಡೇರೆಯವರು ನೋಡಿದರು, ಅವರೂ ನಿಂತರು. ಸ್ವಲ್ಪ ಹೊತ್ತಿನಲ್ಲಿ ಆ ಸಾಲಿನ ದೊಡ್ಡವರು ಚಿಕ್ಕವರೆಲ್ಲ ಒಂಟಿ ಕಾಲಲ್ಲಿ ಓಲಾಡುತ್ತ ನಗುತ್ತಿದ್ದರು. "ಈಗ ಇನ್ನೊಂದು ಕಾಲು" ಎಂದು ರಾಸ್ಕೋ ಕೂಗಿದ. ಡೆಲ್ಬರ್ಟ್ ಕಾಲು ಬದಲಾಯಿಸಿದ. ಆ ಗಳಿಗೆಯಲ್ಲಿ ಅವನಿಗೆ ತೀರಿಹೋದ ಅಜ್ಜಿಯ ಮುಖ ಕಾಣಿಸಿತು.

ನಗುವಿನ ಗಲಾಟೆಯಲ್ಲಿ ಅವನು ಪಿಕಪ್ ಗಾಡಿಯ ಹಿಂದಕ್ಕೆ ನುಸುಳಿಕೊಂಡ. ಅಲ್ಲಿ ಸೋಡಾ ಬಾಟಲಿಗಳ ದೊಡ್ಡ ಐಸ್ ತೊಟ್ಟಿ ಇತ್ತು. ಬೂಟು ಕಳಚಲು ನೋಡಿದ, ಬರಲಿಲ್ಲ. ಒಳಗೆ ಕಾಲು ಊದಿ ಕೂತಿತ್ತು. ಬೂಟಿನ ಸಮೇತ ತೊಟ್ಟಿಯೊಳಗೆ ಇಳಿಸಿ ಕಣ್ಣು ಮುಚ್ಚಿದ. ಸ್ವರ್ಗ ಎನ್ನುವುದು ಇದ್ದರೆ ಅದು ತಣ್ಣಗಿರುತ್ತದೆ ಎಂದು ಅವನಿಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಡೇರೆಯ ಕಡೆಯಿಂದ ಮಿಸ್ ಅಗಸ್ಟಾ ದನಿ ಬಂತು. "ಡೆಲ್ಬರ್ಟ್, ಎಲ್ಲಿದ್ದೀಯ? ನಿನ್ನ ನಿಯಮಕ್ಕೆ ಹಾಲಿಸ್ ಒಂದು ತಿದ್ದುಪಡಿ ತಂದಿದ್ದಾನೆ. ನಾವೆಲ್ಲ ಒಪ್ಪಿದ್ದೀವಿ. ನಿನ್ನದೊಂದೇ ಬಾಕಿ. ಹೇಳಲಾ?"

ಡೆಲ್ಬರ್ಟ್‌ಗೆ ಮೈ ಉರಿಯಿತು. ಅರ್ಧ ಗಂಟೆ ದುಡಿದದ್ದಕ್ಕೇ ಬೆನ್ನಿಗೆ ವಿನಾಯ್ತಿ ಕೇಳುತ್ತಿದ್ದಾನೆ, ಕಳ್ಳ. "ಹೇಳೋದೇ ಬೇಡ" ಎಂದು ಗಾಡಿಯ ಹಿಂದಿನಿಂದಲೇ ಕೂಗಿದ. "ಆಟ ಶುರುವಾದ್ಮೇಲೆ ನಿಯಮ ಬದಲಾಯಿಸೋ ಹಾಗಿಲ್ಲ. ನಾನು ಒಪ್ಪಲ್ಲ."

"ಒಂದ್ಸಲ ಕೇಳಿಯಾದ್ರೂ ಕೇಳು, ಭಾವ."

"ನಿನ್ನ ಬೆನ್ನಿನ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಬೇಡ ಅಂದ್ರೆ ಬೇಡ."

ವಿಸಿಲ್ ಕೇಳಿಸಿತು. ತಿದ್ದುಪಡಿ ಬಿದ್ದುಹೋಯಿತು. ಡೆಲ್ಬರ್ಟ್ ತೃಪ್ತಿಯಿಂದ ಕಣ್ಣು ತೆರೆದರೆ ಎದುರಿಗೆ ನಾರೀನ್ ನಿಂತಿದ್ದಳು.

"ಡೆಲ್, ಸೋಡಾ ಜೊತೆ ಬೂಟೂ ತಣ್ಣಗಾಗ್ಬೇಕಿತ್ತಾ?"

"ನೀರು ಒಳಗೆ ಹೋಗತ್ತಾ ಅಂತ ನೋಡ್ತಿದ್ದೆ. ಅಂಗಡಿಯೋನು ಹೋಗಲ್ಲ ಅಂದಿದ್ದ."

"ಹೋಗ್ತಿದೆಯಾ?"

"ಹೋಗ್ತಿದೆ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಂಗೇನಾದ್ರೂ ಹೇಳೋದಿದ್ಯಾ?" ಎಂದಳು. ಇಲ್ಲವೆಂದು ಅವನು ತಲೆಯಾಡಿಸಿದ. ಅವಳು ತೊಟ್ಟಿಯ ಸೋಡಾ ಬಾಟಲಿಗಳನ್ನೆಲ್ಲ ಒಂದೊಂದಾಗಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಹೊತ್ತುಕೊಂಡು ಹೋದಳು.

ಮಧ್ಯಾಹ್ನ ತಂಡದ ಹುಡುಗರು ಬಸ್ಸಿಳಿದು ಸ್ಟೇಡಿಯಮ್ಮಿಗೆ ನಡೆದು ಬರುವ ಹೊತ್ತು. ಬ್ಯಾಂಡು ಮುಂದೆ, ಹುಡುಗರು ನಡುವೆ, ಊರೆಲ್ಲ ಹಿಂದೆ. ಅದನ್ನು ನೋಡಿದವರಿಗೇ ಗೊತ್ತು. ಕೋಟು ಹಾಕಿಕೊಂಡ ಬ್ಯಾಂಕಿನ ಯಜಮಾನರು, ಬೆಳಿಗ್ಗೆ ತಾನೇ ಪಾಳಿ ಮುಗಿಸಿದ ನರ್ಸು, ವರ್ಷವಿಡೀ ಒಬ್ಬರನ್ನೊಬ್ಬರು ಮಾತಾಡಿಸದ ನೆರೆಹೊರೆಯವರು, ಎಲ್ಲರೂ ಒಂದೇ ಹಾಡು ಹಾಡುತ್ತ ಏರು ಹತ್ತುತ್ತಾರೆ. ಡೆಲ್ಬರ್ಟ್‌ಗೆ ಪ್ರತಿ ವರ್ಷವೂ ಅಲ್ಲಿ ಕಣ್ಣು ತುಂಬುತ್ತಿತ್ತು. ಈ ವರ್ಷ ಎಲ್ಲಕ್ಕಿಂತ ಹೆಚ್ಚು ತುಂಬಿತು. ಡೋಲಿನ ಪ್ರತಿ ಪೆಟ್ಟಿಗೂ ಎಡಗಾಲು ಊರಿ, ಬಲಗಾಲನ್ನು ಗಾಳಿಯಲ್ಲಿ ತೇಲಿಸಿ, ಕುಪ್ಪಳಿಸುತ್ತ ಏರಿದ. ಹಿಂದೆ ಬರುತ್ತಿದ್ದವರು ಇದು ಯಾವುದೋ ಹೊಸ ಹೆಜ್ಜೆ ಎಂದುಕೊಂಡು ಹಾಗೆಯೇ ಕುಪ್ಪಳಿಸಿದರು.

ಸ್ಟೇಡಿಯಮ್ಮಿನ ಬಾಗಿಲ ತನಕ ಹಾಲಿಸ್ ಜೊತೆಗೇ ಬಂದ. "ಭಾವ, ಭುಜ ಹಿಡ್ಕೋ. ಮೆಟ್ಲು ಜಾಸ್ತಿ ಇದೆ."

"ನನ್ನ ಟಿಕೆಟ್ ಮೇಲೆ ಕಣ್ಣಿಟ್ಟಿದ್ದೀಯ ಅಂತ ನಂಗೆ ಗೊತ್ತಿಲ್ವಾ? ಹೋಗಿ ಟಿವಿ ನೋಡು" ಎಂದ ಡೆಲ್ಬರ್ಟ್. ಹಾಲಿಸ್ ಏನೋ ಹೇಳಹೊರಟವನು ಬಾಯಿ ಮುಚ್ಚಿಕೊಂಡು ಡೇರೆಗೆ ಹಿಂದಿರುಗಿದ.

ಸೀಟು ಎಂದು ಹೆಸರಿಗೆ. ಕೊಕ್ಕರೆಗಳ ಪಂದ್ಯದಲ್ಲಿ ಯಾರೂ ಕೂರುವುದಿಲ್ಲ. ಡೆಲ್ಬರ್ಟ್ ಮುಂದಿನ ಸಾಲಿನ ಬೆನ್ನು ಹಿಡಿದು ಬಲಗಾಲು ಎತ್ತಿ ನಿಂತ. ರಾಸ್ಕೋನೂ, ಹಿಂದಿನ ಸಾಲಿನವರೂ ಅಣಕಕ್ಕೆಂದು ಕಾಲೆತ್ತಿದರು. ಆಗಲೇ ಕೊಕ್ಕರೆಗಳ ಹುಡುಗನೊಬ್ಬ ಚೆಂಡು ಹಿಡಿದು ಕೊನೆಯ ಗೆರೆ ದಾಟಿ ಅಂಕ ಗಳಿಸಿಬಿಟ್ಟ.

ವಿಸಿಲ್ ಊದಿದ್ದು ರೆಫರಿಯಲ್ಲ, ಮಿಸ್ ಅಗಸ್ಟಾ. "ಕೊಕ್ಕರೆ ಥರ ನಿಂತ್ರೆ ಕೊಕ್ಕರೆಗಳೇ ಗೆಲ್ಲೋದು. ಎರಡೂ ಕಾಲು ನೆಲದ ಮೇಲೆ. ಡೆಲ್ಬರ್ಟ್, ಮೊದ್ಲು ನೀನು. ಊರು, ಇನ್ನೂ ಗಟ್ಟಿಯಾಗಿ ಊರು."

ಊರಿದ. ಮುಂದಿನ ಸರದಿಯಲ್ಲೇ ನೀರುನಾಯಿಗಳು ಗೆರೆ ದಾಟಿದರು. ಇನ್ನು ಕೇಳಬೇಕೇ? ಆ ಮೇಲೆ ಅವನ ಬಲಗಾಲು ಒಂದಂಗುಲ ಮೇಲೆದ್ದರೂ ಸಾಲಿಗೆ ಸಾಲೇ "ಡೆಲ್ಬರ್ಟ್, ಕಾಲು" ಎಂದು ಕಿರುಚುತ್ತಿತ್ತು. ಆಟದ ನಾಲ್ಕರಲ್ಲಿ ಮೂರು ಭಾಗ ಮುಗಿಯುವಾಗ ಅವನು ಬೆವರಿನಲ್ಲಿ ತೊಯ್ದಿದ್ದ. ಅವನ ತಂಡನಿಷ್ಠೆ ಕಂಡು ಹಿಂದಿನ ಸಾಲಿನ ಅಜ್ಜನೊಬ್ಬ ತನ್ನ ಟೋಪಿ ತೆಗೆದು ಗೌರವ ತೋರಿಸಿದ.

ಆಟ ಮುಗಿಯಲು ಕೆಲವೇ ನಿಮಿಷ. ನೀರುನಾಯಿಗಳು ಕೂದಲೆಳೆಯಷ್ಟು ಮುಂದಿದ್ದರು. ಆದರೆ ಈ ವರ್ಷ ಕೊಕ್ಕರೆಗಳೂ ವೇಗ ಕಲಿತು ಬಂದಿದ್ದವು. ಸರದಿಯ ಮೇಲೆ ಸರದಿ, ಉಸಿರು ಬಿಡದೆ ನುಗ್ಗುತ್ತಿದ್ದವು. ನಮ್ಮ ಹುಡುಗರು ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಿದ್ದರು. ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ ನೀರುನಾಯಿಗಳ ದಪ್ಪ ಹುಡುಗನೊಬ್ಬ ಬೆಂಚಿನ ಕಡೆ ಒಮ್ಮೆ ನೋಡಿ, ಮಂಡಿ ಹಿಡಿದುಕೊಂಡು ಮೆತ್ತಗೆ ಹುಲ್ಲಿನ ಮೇಲೆ ಮಲಗಿದ. ಆಟ ನಿಂತಿತು.

ಸಾಲಿನವರೆಲ್ಲ ಡೆಲ್ಬರ್ಟ್‌ನ ಮುಖ ನೋಡಿದರು.

"ಪಾಪ, ಮಗು" ಎಂದ ಡೆಲ್ಬರ್ಟ್. "ನಿಜವಾಗ್ಲೂ ಪೆಟ್ಟಾಗಿದೆ. ನೋಡಿದ್ರೇ ಗೊತ್ತಾಗತ್ತೆ." ಅವನೇ ಮೊದಲು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಉಳಿದ ಹುಡುಗರು ಹೊಟ್ಟೆ ತುಂಬ ನೀರು ಕುಡಿದರು.

ಕೊನೆಯ ಸರದಿ. ಗಡಿಯಾರ ಸೊನ್ನೆಗೆ ಬರುತ್ತಿದೆ. ಕೊಕ್ಕರೆಗಳ ಓಟಗಾರ ಚೆಂಡು ಹಿಡಿದ, ಎಲ್ಲರನ್ನೂ ದಾಟಿದ, ಮುಂದೆ ಬರೀ ಖಾಲಿ ಹುಲ್ಲು. ಸ್ಟೇಡಿಯಂ ಸ್ಮಶಾನವಾಯಿತು. ಅಷ್ಟರಲ್ಲಿ, ಯಾರೂ ಮುಟ್ಟಿರಲಿಲ್ಲ, ಹುಡುಗ ತಾನಾಗಿಯೇ ಜಾರಿದ. ಮಂಡಿ ನೆಲಕ್ಕೆ ತಾಗಿತು. ತಕ್ಷಣ ಎದ್ದು ಓಡಿ ಗೆರೆ ದಾಟಿದ. ಆದರೆ ಮಂಡಿ ತಾಗಿದಲ್ಲಿಗೇ ಸರದಿ ಮುಗಿದಿತ್ತು, ಹೊತ್ತೂ ಮುಗಿದಿತ್ತು. ರೆಫರಿ ತಲೆಯಾಡಿಸಿದ. ನೀರುನಾಯಿಗಳು ಗೆದ್ದಿದ್ದರು.

ಊರಿಗೆ ಊರೇ ಗಾಳಿಯಲ್ಲಿತ್ತು. ಗಂಡಸರು ನಾಚಿಕೆಯಿಲ್ಲದೆ ಅತ್ತರು. ಮಿಸ್ ಅಗಸ್ಟಾ ಎಂಬತ್ತರ ಎಲುಬುಗಳನ್ನು ಮರೆತು ನೆಗೆದರು, ಇಳಿದದ್ದು ಡೆಲ್ಬರ್ಟ್‌ನ ಬಲಗಾಲ ಮೇಲೆ.

ಬೆಳಗಿನಿಂದ ಗಂಟಲಲ್ಲಿ ಕಾದಿದ್ದ ಆ ಕೂಗು ಆಗ ಹೊರಬಂತು. ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ಡೆಲ್ಬರ್ಟ್ ಕ್ರೂಮ್ ಅಪ್ಪನ ಕಾಲದ ಸೀಟಿನ ಕೆಳಗೆ ಉದ್ದಕ್ಕೆ ಬಿದ್ದಿದ್ದ. ಸಂಗತಿ ಗೊತ್ತಿಲ್ಲದ ಮೇಲಿನ ಸಾಲಿನವರು ಅಭ್ಯಾಸಬಲದಿಂದ "ಏಳೋ, ನಾಟಕ ಸಾಕು" ಎಂದು ಕೂಗಿದರು.

ಪ್ರಥಮ ಚಿಕಿತ್ಸೆಯವರು ಬೂಟು ಕತ್ತರಿಸಿ ತೆಗೆದು, ಹೆಬ್ಬೆರಳು ಮುರಿದಿದೆ ಎಂದು ಪಟ್ಟಿ ಕಟ್ಟಿದರು. ಸುದ್ದಿ ತಿಳಿದ ಹಾಲಿಸ್ ಐಸ್ ಪೆಟ್ಟಿಗೆ ಎಳೆಯುವ ಕೈಗಾಡಿಯನ್ನು ಏರಿನುದ್ದಕ್ಕೂ ಓಡಿಸಿಕೊಂಡು ಬಂದ. ಭಾವನನ್ನು ಎರಡೂ ಕೈಯಲ್ಲಿ ಎತ್ತಿ ಅದರಲ್ಲಿ ಕೂರಿಸಿ ಡೇರೆಗೆ ತಂದ. ರಾಸ್ಕೋ ಅಷ್ಟರಲ್ಲಿ ಪಕ್ಕೆಲುಬು ಬಡಿಸುತ್ತಿದ್ದ.

"ಬೆಳಿಗ್ಗೆ ಪೆಟ್ಟಿಗೆ ಬಿತ್ತಲ್ಲ, ಆವಾಗ್ಲೇ ಆಗಿದ್ದು ತಾನೇ?" ಎಂದಳು ನಾರೀನ್.

ಡೆಲ್ಬರ್ಟ್ ಹೌದೆಂದ. "ಹೇಳಿದ್ರೆ ಸೀಟು ಇವನ ಪಾಲಾಗ್ತಿತ್ತು."

ಮಿಸ್ ಅಗಸ್ಟಾ ಕನ್ನಡಕ ತೆಗೆದು ಒರೆಸಿಕೊಂಡರು. "ಇವನು ಬೆಳಿಗ್ಗೆ ತಂದ ತಿದ್ದುಪಡಿ ಏನು ಅಂತ ಈಗಲಾದ್ರೂ ಕೇಳ್ತೀಯಾ? 'ಬೇರೆಯವರ ಕೈಯಿಂದ ಪೆಟ್ಟು ತಿಂದೋನು ಹೊರಗಲ್ಲ. ಅವನಿಗೆ ತಟ್ಟೆಯೂ ಉಂಟು, ಸೀಟೂ ಉಂಟು. ಪೆಟ್ಟು ಮಾಡಿದೋನು ಅವನನ್ನ ಬೆನ್ನ ಮೇಲೆ ಹೊತ್ತು ಸೀಟಿಗೆ ಮುಟ್ಟಿಸಬೇಕು.' ಯಾಕಪ್ಪ ಇದು ಅಂದ್ರೆ ಇವನು ಬಾಯಿ ಬಿಡ್ಲಿಲ್ಲ."

ಡೆಲ್ಬರ್ಟ್ ಹಾಲಿಸ್‌ನ ಕಡೆ ನೋಡಿದ. ಹಾಲಿಸ್ ನೆಲ ನೋಡುತ್ತಿದ್ದ. "ಬಾಯಿ ಬಿಟ್ರೆ ನಿನ್ನ ಸೀಟು ಹೋಗ್ತಿತ್ತಲ್ಲ, ಭಾವ" ಎಂದ. "ನಿಮ್ಮಪ್ಪನ ಸೀಟು."

ಡೆಲ್ಬರ್ಟ್ ಪಟ್ಟಿ ಕಟ್ಟಿದ ಕಾಲನ್ನು ಕೈಗಾಡಿಯೊಳಕ್ಕೆ ಎಳೆದುಕೊಂಡ. ಎರಡು ಸಲ ಫೇಲ್ ಮಾಡಿದ ಮನುಷ್ಯನ ಎದುರು ತಾನೇ ಫೇಲಾಗಿ ಕೂತಿದ್ದ. "ನಾನು ಒಪ್ಪಿದ್ದೀನಿ" ಎಂದ ಕೊನೆಗೆ, "ಈ ತಿದ್ದುಪಡಿಗೆ."

"ಆಟ ಶುರುವಾದ್ಮೇಲೆ ಬದಲಾಯಿಸೋ ಹಾಗಿಲ್ಲ ಅಂದೋನು ನೀನೇ" ಎಂದರು ಮಿಸ್ ಅಗಸ್ಟಾ. ದನಿಯಲ್ಲಿ ಮರುಕವಿತ್ತು, ಆದರೆ ವಿಸಿಲ್ ಬಾಯಿಯ ಹತ್ತಿರವೇ ಇತ್ತು. "ಮುಂದಿನ ವರ್ಷದಿಂದ ಜಾರಿ. ಇವತ್ತಿಗೆ ಹಳೇದೇ. ತಟ್ಟೆ ಇಲ್ಲ. ಇವತ್ತಿನ ಸೀಟಂತೂ ಕದ್ದು ಅನುಭವಿಸಿಯಾಯ್ತು, ಅದರ ಬದಲು, ಇವತ್ತು ಗೆದ್ದಿದ್ದಕ್ಕೆ ನಮ್ಮ ಹುಡುಗ್ರು ಹೊಸ ವರ್ಷದ ದಿನ ಫ್ಲಾರಿಡಾದಲ್ಲಿ ಆಡೋ ಪಂದ್ಯದ ನಿನ್ನ ಟಿಕೆಟ್ಟು ಹೋಯ್ತು. ಅದು ಹಾಲಿಸ್‌ಗೆ."

"ನಂಗೆ ಬೇಡ" ಎಂದ ಹಾಲಿಸ್.

"ತಗೋ" ಎಂದ ಡೆಲ್ಬರ್ಟ್. ಮಾತು ಹೊರಡಲು ಕಷ್ಟಪಟ್ಟಿತು, ಆದರೆ ನೆಟ್ಟಗೇ ಹೊರಟಿತು. "ನಿಯಮ ಅಂದ್ರೆ ನಿಯಮ." ಅದನ್ನು ಕೇಳಿ ರಾಸ್ಕೋ ಇಕ್ಕಳ ಕೆಳಗಿಟ್ಟು ಅವನಿಗೊಂದು ಸಲಾಮು ಹೊಡೆದ.

ಹಾಲಿಸ್‌ನ ಮನಸ್ಸು ತುಂಬಿ ಬಂತು. "ಬಾ ಭಾವ, ಒಳ್ಳೇ ಕುರ್ಚಿ ಮೇಲೆ ಕೂರಿಸ್ತೀನಿ" ಎಂದು ಬಗ್ಗಿ, ಡೆಲ್ಬರ್ಟ್‌ನನ್ನು ಎತ್ತಿದ. ಎಲ್ಲೋ ಒಣಕಡ್ಡಿ ಮುರಿದಂಥ ಸದ್ದಾಯಿತು. ಹಾಲಿಸ್ ಬಗ್ಗಿದಲ್ಲೇ ನಿಂತುಬಿಟ್ಟ.

"ಬೆನ್ನು" ಎಂದ.

ಮಿಸ್ ಅಗಸ್ಟಾ ನಿಟ್ಟುಸಿರು ಬಿಟ್ಟು ವಿಸಿಲ್ ಊದಿದರು. ಫ್ಲಾರಿಡಾದ ಟಿಕೆಟ್ಟು ಪಕ್ಕದ ಡೇರೆಗೆ ಹೋಯಿತು. ಸೋತವರಿಗೆ ಉಣಬಡಿಸುವುದು ಅಲ್ಲಿಯ ಪದ್ಧತಿಯಾದ್ದರಿಂದ, ಉಳಿದ ಎರಡು ತಟ್ಟೆ ಆ ದಾರಿಯಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದ ಕೊಕ್ಕರೆ ಅಂಗಿಯ ಗಂಡ ಹೆಂಡತಿಗೆ ಸಿಕ್ಕಿತು.

"ಬರೆದು ಕಳಿಸೋದು ಏನ್ಮಾಡೋಣ?" ಎಂದು ಮಿಸ್ ಅಗಸ್ಟಾ ಕೇಳಿದರು. ಬಿದ್ದವನು ಹೊರಗೆ ಎಂಬ ನಿಯಮಕ್ಕೆ ಹೆದರಿ ದಪ್ಪ ಹುಡುಗ ಮಲಗದೆ ಇದ್ದಿದ್ದರೂ, ಜಾರಿದವನನ್ನು ಏಳಲು ಬಿಟ್ಟಿದ್ದರೂ, ಇವತ್ತು ಊರು ಸೋತಿರುತ್ತಿತ್ತು. ಎಲ್ಲರಿಗೂ ಅದು ಹೊಳೆದಿತ್ತು.

"ಈ ವರ್ಷ ಕೆಂಪು ಟೋಪಿಯೋನದ್ದೇ ಕಳಿಸೋಣ" ಎಂದಳು ನಾರೀನ್.

ಭಾವ ಬಾಮೈದ ಇಬ್ಬರೂ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತಿದ್ದರು, ಒಬ್ಬನ ಕಾಲು ಐಸಿನ ತೊಟ್ಟಿಯಲ್ಲಿ, ಇನ್ನೊಬ್ಬನ ಬೆನ್ನಿಗೆ ಐಸಿನ ಚೀಲ. ಪಕ್ಕೆಲುಬಿನ ಘಮ ನೇರವಾಗಿ ಅವರ ಕಡೆಗೇ ಬೀಸುತ್ತಿತ್ತು.

"ಭಾವ, ನಿಜವಾಗ್ಲೂ ನೋಯ್ತಿದೆ" ಎಂದ ಹಾಲಿಸ್.

"ನಂಗೊತ್ತು ಕಣೋ" ಎಂದ ಡೆಲ್ಬರ್ಟ್. "ಆದ್ರೆ ನನ್ನ ಮಾತನ್ನ ಈಗ ಯಾರು ನಂಬ್ತಾರೆ?"